ಟಿಕೆಟ್ ಮೇಲೆ ‘ನಾಳೆ ಬಾ’: ಐಟಿ ಕೆಲಸ ಮುಂದಕ್ಕೆ ಹೋಗ್ತಿರೋದು ಯಾರಿಂದ?

2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2024ರ ಜುಲೈನಲ್ಲಿ ಐಟಿ, ಬಿಪಿಒ ನೌಕರರಿಂದ ದಿನಕ್ಕೆ 12 ಗಂಟೆಗೂ ಮೀರಿ ದುಡಿಸಿಕೊಳ್ಳಲು ಅವಕಾಶ ಕೊಡುವ ತಿದ್ದುಪಡಿ ಪ್ರಸ್ತಾವ ಕರ್ನಾಟಕ ಸರ್ಕಾರದ ಮೇಜಿಗೆ ಬಂತು. ಇದು 14 ಗಂಟೆಯ ದಿನ ಅಂತ ಐಟಿ ನೌಕರರ ಸಂಘ ಕೆಐಟಿಯು ವಿರೋಧಕ್ಕೆ ಇಳಿಯಿತು. ಉದ್ಯಮದ ಕಡೆಯಿಂದಲೇ ಒತ್ತಡ ಇದೆ ಅಂತ ಕಾರ್ಮಿಕ ಸಚಿವ ಸಂತೋಷ್ ಲಾಡ್ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ 90 ಗಂಟೆಯ ಮಾತಾಡಿದರು, ಭಾನುವಾರವನ್ನೂ ಸೇರಿಸಿ. ಅದೇ ವರ್ಷ ಜೂನ್‌ನಲ್ಲಿ ರಾಜ್ಯದ ಪ್ರಸ್ತಾವ ಇನ್ನೊಂದು ರೂಪದಲ್ಲಿ ವಾಪಸ್ ಬಂತು: ದಿನಕ್ಕೆ 9ರ ಬದಲು 10 ಗಂಟೆ, ಓವರ್‌ಟೈಮ್ ಸೇರಿದರೆ 12.

ಪ್ರತಿ ಸಲವೂ ನಾವು ಗಂಟೆ ಲೆಕ್ಕದಲ್ಲೇ ಜಗಳ ಆಡಿದ್ದೇವೆ. ಆಡಲೇಬೇಕಿತ್ತು. ವಾರಕ್ಕೆ 55 ಗಂಟೆ ಮೀರಿ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಹೇಳಿವೆ. ಆದರೆ ಈ ಜಗಳದ ನಡುವೆ ಒಂದು ಪ್ರಶ್ನೆ ಕೇಳದೇ ಉಳಿದುಹೋಗಿದೆ. ಈಗಿರುವ ಒಂಬತ್ತು ಗಂಟೆಯಲ್ಲಿ ಒಬ್ಬ ನೌಕರ ಅಥವಾ ನೌಕರಳ ಕೈಗೆ ಒಂದೇ ಹೊತ್ತಿಗೆ ಎಷ್ಟು ಕೆಲಸ ಕೊಟ್ಟಿದ್ದೀರಿ?

ನಾನು ಎಂಟು ವರ್ಷ ಐಟಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡಿದವಳು. ಅಪ್ರೈಸಲ್ ಸೀಸನ್‌ನಲ್ಲಿ ನನ್ನ ಓರಗೆಯವರು ಅತಿ ಹೆಚ್ಚು ಕೇಳಿಸಿಕೊಂಡ ಮಾತುಗಳು ಇವು: ‘ಟೈಮ್ ಮ್ಯಾನೇಜ್‌ಮೆಂಟ್ ವೀಕ್ ಇದೆ’, ‘ಓನರ್‌ಶಿಪ್ ಸಾಲದು’, ‘ಕೊನೇ ಗಳಿಗೆವರೆಗೂ ಎಳೀತೀರಿ’. ಅಂದರೆ ಸೋಮಾರಿ ಅನ್ನೋದನ್ನು ಮರ್ಯಾದೆಯಾಗಿ ಹೇಳೋದು. ನನ್ನ ವಾದ ಇಷ್ಟೇ: ಟೆಕ್ ಕಂಪನಿಗಳಲ್ಲಿ ನಾವು ಮುಂದೂಡುವಿಕೆ ಅಂತ ಕರೆಯೋದರಲ್ಲಿ ದೊಡ್ಡ ಪಾಲು ತಂಡದ ಮಲ್ಟಿಟಾಸ್ಕಿಂಗ್‌ನಿಂದ ಹುಟ್ಟುತ್ತೆ. ಕೆಲಸ ಹಂಚುವವರು ಮಾಡಿದ ತಪ್ಪು, ಕೆಲಸ ಮಾಡುವವರ ಗುಣದೋಷ ಅಂತ ದಾಖಲಾಗುತ್ತೆ. ಆಮೇಲೆ ಅದೇ ದಾಖಲೆ ತೋರಿಸಿ ಇನ್ನಷ್ಟು ಗಂಟೆ ಕೇಳ್ತಾರೆ.

ಯಾರೂ ಸುಮ್ಮನೆ ಕೂತಿಲ್ಲ, ಆದರೂ ತಡ

ಮೊದಲು ಒಂದು ಸರಳ ಲೆಕ್ಕ. ನಿಮ್ಮ ಕೈಲಿ ಮೂರು ಕೆಲಸ ಇವೆ. ಒಂದೊಂದಕ್ಕೂ ಹತ್ತು ದಿನ ಬೇಕು. ಒಂದು ಮುಗಿಸಿ ಇನ್ನೊಂದು ಹಿಡಿದರೆ ಮೊದಲನೆಯದು 10ನೇ ದಿನ, ಎರಡನೆಯದು 20ನೇ ದಿನ, ಮೂರನೆಯದು 30ನೇ ದಿನ ಮುಗಿಯುತ್ತೆ. ಸರಾಸರಿ 20 ದಿನ.

ಈಗ ಮೂರೂ ಕ್ಲೈಂಟ್‌ಗಳು ‘ನಮ್ಮದು ಶುರುವಾಯ್ತಾ?’ ಅಂತ ಕೇಳ್ತಿದ್ದಾರೆ. ಮ್ಯಾನೇಜರ್ ‘ಮೂರನ್ನೂ ಪ್ಯಾರಲಲ್ ಆಗಿ ನೋಡಿ’ ಅಂತಾರೆ. ನೀವು ಸೋಮವಾರ ಒಂದು, ಮಂಗಳವಾರ ಇನ್ನೊಂದು, ಬುಧವಾರ ಮತ್ತೊಂದು ಅಂತ ಸರದಿಯಲ್ಲಿ ಮಾಡ್ತೀರಿ. ಆಗ ಮೊದಲ ಕೆಲಸ ಮುಗಿಯೋದು 28ನೇ ದಿನ, ಎರಡನೆಯದು 29, ಮೂರನೆಯದು 30. ಸರಾಸರಿ 29 ದಿನ. ನೀವು ಒಂದು ಗಂಟೆಯೂ ಕಡಿಮೆ ದುಡಿದಿಲ್ಲ. ಮೂರನೇ ಕ್ಲೈಂಟ್‌ಗೆ ಒಂದು ದಿನದ ಲಾಭವೂ ಆಗಿಲ್ಲ. ಮೊದಲ ಕ್ಲೈಂಟ್‌ಗೆ 18 ದಿನ ತಡ ಆಯ್ತು. ನಿಮ್ಮ ಹೆಸರಿನ ಮುಂದೆ ಮೂರು ‘ಪೆಂಡಿಂಗ್’ ಬಿತ್ತು.

ಇದು ಕೆಲಸ ಬದಲಿಸುವಾಗ ಒಂದು ನಿಮಿಷವೂ ವ್ಯರ್ಥ ಆಗಲ್ಲ ಅಂತ ಅಂದುಕೊಂಡು ಮಾಡಿದ ಲೆಕ್ಕ. ನಿಜದಲ್ಲಿ ವ್ಯರ್ಥ ಆಗುತ್ತೆ. ಸಾಫ್ಟ್‌ವೇರ್ ನಿರ್ವಹಣೆ ಬಗ್ಗೆ ಬರೆದ ಜೆರಾಲ್ಡ್ ವೈನ್‌ಬರ್ಗ್ ಮೂರು ದಶಕದ ಹಿಂದೆಯೇ ಒಂದು ಅಂದಾಜು ಕೊಟ್ಟಿದ್ದರು: ಒಬ್ಬರ ತಲೆ ಮೇಲೆ ಹೊಸದಾಗಿ ಒಂದೊಂದು ಪ್ರಾಜೆಕ್ಟ್ ಸೇರಿದಾಗಲೂ ಅವರ ಸಮಯದ ಸುಮಾರು ಐದರಲ್ಲಿ ಒಂದು ಪಾಲು ಬರೀ ಅಲ್ಲಿಂದಿಲ್ಲಿಗೆ ಹೊರಳೋದಕ್ಕೇ ಹೋಗುತ್ತೆ. ಅದು ಪ್ರಯೋಗಶಾಲೆಯ ಅಳತೆಯಲ್ಲ, ಅನುಭವದ ಅಂದಾಜು. ಆದರೂ ಎರಡು ಪ್ರಾಜೆಕ್ಟ್‌ಗೆ ‘50-50 ಅಲೋಕೇಷನ್’ ಆದ ಯಾರನ್ನೇ ಕೇಳಿ, ಎರಡೂ ಕಡೆ ಸ್ಟ್ಯಾಂಡಪ್, ಎರಡೂ ಕಡೆ ರಿವ್ಯೂ, ಎರಡೂ ಕಡೆ ಸ್ಟೇಟಸ್ ಮೇಲ್ ಸೇರಿ ಆ ಐವತ್ತು ಐವತ್ತಾಗಿ ಉಳಿಯಲ್ಲ ಅಂತ ಹೇಳ್ತಾರೆ.

ತಡ ಯಾವಾಗ ಚಾಳಿಯಾಗುತ್ತೆ?

‘ತಡ ಆಗೋದು ಬೇರೆ, ಬೇಕಂತಲೇ ಮುಂದೂಡೋದು ಬೇರೆ ಅಲ್ವಾ?’ ಅಂತ ನೀವು ಕೇಳಬಹುದು. ಖಂಡಿತ ಬೇರೆ. ತಡ ಮಾಡಿದರೆ ನಮಗೇ ನಷ್ಟ ಅಂತ ಗೊತ್ತಿದ್ದೂ ಸ್ವ ಇಚ್ಛೆಯಿಂದ ತಡ ಮಾಡೋದನ್ನೇ ಮನಶ್ಶಾಸ್ತ್ರ ಮುಂದೂಡುವಿಕೆ ಅನ್ನುತ್ತೆ. ಕೆನಡಾದ ಪಿಯರ್ಸ್ ಸ್ಟೀಲ್ 2007ರಲ್ಲಿ ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಬಳಸಿದ್ದೂ ಈ ಅರ್ಥವನ್ನೇ. ಕೆಲಸ ಎಷ್ಟು ಅಹಿತಕರ, ಅದರ ಫಲ ಎಷ್ಟು ದೂರ, ‘ಇದು ನನ್ನಿಂದ ಆಗುತ್ತೆ’ ಅನ್ನೋ ನಂಬಿಕೆ ಎಷ್ಟಿದೆ, ಇವೆಲ್ಲ ಮುಂದೂಡುವಿಕೆಯ ಜೊತೆ ಗಟ್ಟಿಯಾಗಿ ತಳುಕು ಹಾಕಿಕೊಂಡಿವೆ ಅಂತ ಅವರು ಕಂಡರು. 2013ರಲ್ಲಿ ಫ್ಯೂಶಾ ಸಿರೋಯಿಸ್ ಮತ್ತು ತಿಮೋತಿ ಪಿಚಿಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಪ್ರಕಾರ ಮುಂದೂಡುವಿಕೆಯ ಬೇರು ಗಡಿಯಾರದಲ್ಲಿಲ್ಲ, ಮನಸ್ಸಿನ ಕಿರಿಕಿರಿಯಲ್ಲಿದೆ. ಕಷ್ಟದ ಕೆಲಸ ನೋಡಿದ ತಕ್ಷಣ ಆಗೋ ಸಂಕಟದಿಂದ ಈ ಗಳಿಗೆಗೆ ತಪ್ಪಿಸಿಕೊಳ್ಳೋಕೆ ಮನಸ್ಸು ಬೇರೇನೋ ಹುಡುಕುತ್ತೆ.

ಈ ಮಾತನ್ನು ಒಂದು ಟೆಕ್ ಟೀಮ್‌ನ ದಿನದೊಳಗೆ ಇಟ್ಟು ನೋಡಿ. ಒಬ್ಬಳ ಹೆಸರಿನಲ್ಲಿ ಏಳು ಟಿಕೆಟ್ ಇವೆ ಅಂದುಕೊಳ್ಳಿ. ಅದರಲ್ಲಿ ಒಂದು ಹಳೇ ಪೇಮೆಂಟ್ ಮಾಡ್ಯೂಲ್‌ನಲ್ಲಿ ಯಾವಾಗಲೋ ಒಮ್ಮೆ ಮಾತ್ರ ಕಾಣಿಸಿಕೊಳ್ಳುವ ದೋಷ. ಅದನ್ನು ಹಿಡಿಯೋಕೆ ಎರಡು ಮೂರು ಗಂಟೆ ಯಾರೂ ಮಾತಾಡಿಸದೆ ಕೂರಬೇಕು. ಉಳಿದ ಆರು ಸಣ್ಣವು. ಬೆಳಗ್ಗೆ ಹತ್ತಕ್ಕೆ ಸ್ಟ್ಯಾಂಡಪ್, ಹನ್ನೊಂದಕ್ಕೆ ಇನ್ನೊಂದು ಪ್ರಾಜೆಕ್ಟಿನ ಕಾಲ್, ನಡುವೆ ಸ್ಲ್ಯಾಕ್‌ನಲ್ಲಿ ‘ಒಂದ್ನಿಮಿಷ ಇದ್ದೀರಾ?’, ಟೀಮ್ಸ್‌ನಲ್ಲಿ ‘ಕ್ವಿಕ್ ಕಾಲ್?’. ಸಿಗೋದು ಇಪ್ಪತ್ತು ನಿಮಿಷದ ತುಂಡುಗಳು. ಆ ತುಂಡಿನಲ್ಲಿ ಪೇಮೆಂಟ್ ದೋಷ ಬಿಚ್ಚಿಕೊಂಡು ಕೂತರೆ ಲಾಗ್ ಓದಿ ಮುಗಿಸೋ ಹೊತ್ತಿಗೆ ಮುಂದಿನ ಕಾಲ್ ಬರುತ್ತೆ. ಅವಳು ಸಣ್ಣ ಟಿಕೆಟ್ ಎತ್ತಿಕೊಳ್ತಾಳೆ. ಮರುದಿನವೂ ಅದೇ. ಮೂರನೇ ದಿನ ಸ್ಟ್ಯಾಂಡಪ್‌ನಲ್ಲಿ ‘ಅದು ಇನ್ನೂ ಆಗಿಲ್ವಾ?’ ಅನ್ನೋ ಪ್ರಶ್ನೆ. ನಾಲ್ಕನೇ ದಿನ ಆ ಟಿಕೆಟ್ ಕಂಡರೇ ಹೊಟ್ಟೆಯಲ್ಲಿ ಸಂಕಟ. ಐದನೇ ದಿನ ಎರಡು ಗಂಟೆ ನಿಜವಾಗಿಯೂ ಖಾಲಿ ಸಿಗುತ್ತೆ. ಆದರೆ ಅವಳು ಆ ಟಿಕೆಟ್ ತೆರೆಯಲ್ಲ. ಮೇಲ್ ಕ್ಲೀನ್ ಮಾಡ್ತಾಳೆ.

ಮೊದಲ ಮೂರು ದಿನ ಆಗಿದ್ದು ಹೇರಿದ ತಡ. ಐದನೇ ದಿನ ಆಗಿದ್ದು ಪಕ್ಕಾ ಮುಂದೂಡುವಿಕೆ. ಎರಡನೆಯದು ಮೊದಲನೆಯದರ ಮಗು. ಕೆಲಸ ಅಹಿತಕರ ಆಯ್ತು, ‘ನನ್ನಿಂದ ಆಗುತ್ತೆ’ ಅನ್ನೋದು ಸವೆಯಿತು. ಸ್ಟೀಲ್ ಪಟ್ಟಿ ಮಾಡಿದ ಅಂಶಗಳು ಒಂದೊಂದಾಗಿ ಬಂದು ಕೂತವು. ಅಪ್ರೈಸಲ್ ಫಾರಂ ನೋಡೋದು ಐದನೇ ದಿನವನ್ನು ಮಾತ್ರ.

ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿಡ್ತಿದ್ದರು. ರಾತ್ರಿ ಬರೋ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ, ಮರುದಿನ ಬಂದರೆ ಮತ್ತೆ ಅದನ್ನೇ ಓದುತ್ತೆ ಅನ್ನೋ ನಂಬಿಕೆ. ನಮ್ಮ ಬೋರ್ಡುಗಳಲ್ಲಿ ‘ಇನ್ ಪ್ರೋಗ್ರೆಸ್’ ಅನ್ನೋ ಕಾಲಂ ಮಾಡ್ತಿರೋದೂ ಅದನ್ನೇ. ಅಲ್ಲಿರೋ ಟಿಕೆಟ್ ಶುರುವಾಗಿದೆ ಅಂತ ಲೆಕ್ಕ. ಯಾರೂ ಅದನ್ನು ಮುಟ್ಟಿರಲ್ಲ.

ಅಡ್ಡಿ ಮೊದಲು ಹೊರಗಿನದು, ಆಮೇಲೆ ನಮ್ಮದೇ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಎರಡು ದಶಕದಿಂದ ಇದನ್ನೇ ಅಳೆಯುತ್ತಾ ಬಂದವರು. 2000ದ ದಶಕದ ಮಧ್ಯದಲ್ಲಿ ಅವರ ತಂಡ ಒಂದು ಹೊರಗುತ್ತಿಗೆ ಸೇವಾ ಕಂಪನಿಯ ನೌಕರರ ಪಕ್ಕದಲ್ಲೇ ಗಡಿಯಾರ ಹಿಡಿದು ಕೂತು ದಿನವಿಡೀ ಗಮನಿಸಿತು. ಅಲ್ಲಿದ್ದವರಲ್ಲಿ ಸಾಫ್ಟ್‌ವೇರ್ ಡೆವಲಪರ್‌ಗಳೂ ಇದ್ದರು. ಒಂದು ಕೆಲಸದಲ್ಲಿ ಸರಾಸರಿ ಹನ್ನೊಂದು ನಿಮಿಷ ಆಗುವಷ್ಟರಲ್ಲಿ ಅವರು ಇನ್ನೊಂದಕ್ಕೆ ಹೊರಳ್ತಿದ್ದರು. ಬಿಟ್ಟ ಕೆಲಸಕ್ಕೆ ವಾಪಸ್ ಬರೋಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ನನಗೆ ಇದಕ್ಕಿಂತ ಮುಖ್ಯ ಅನಿಸೋದು ಇನ್ನೊಂದು ಅಂಶ. ಅಡ್ಡಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಹೊರಗಿನಿಂದ ಬಂದವಲ್ಲ. ಜನ ತಮಗೆ ತಾವೇ ಅಡ್ಡಿ ಮಾಡಿಕೊಳ್ತಿದ್ದರು. ಹೊರಗಿನ ಅಡ್ಡಿಗೆ ಒಗ್ಗಿಹೋದ ಮನಸ್ಸು, ಅದು ಇಲ್ಲದಾಗ ತಾನೇ ಒಂದನ್ನು ಹುಡುಕಿಕೊಳ್ಳುತ್ತೆ ಅಂತ ಮಾರ್ಕ್ ವಾದಿಸ್ತಾರೆ.

2008ರ ಇನ್ನೊಂದು ಪ್ರಯೋಗದಲ್ಲಿ ಅವರಿಗೆ ವಿಚಿತ್ರ ಫಲಿತಾಂಶ ಸಿಕ್ಕಿತು. ಪದೇ ಪದೇ ಅಡ್ಡಿಯಾದವರು ಕೆಲಸವನ್ನು ಬೇಗ ಮುಗಿಸಿದರು. ಆದರೆ ಅವರ ಒತ್ತಡ, ಹತಾಶೆ, ಸಮಯದ ಆತಂಕ ಎಲ್ಲ ಏರಿತ್ತು. ಮ್ಯಾನೇಜರ್ ಕಣ್ಣಿಗೆ ಬೀಳೋದು ಮೊದಲರ್ಧ. ‘ನೋಡಿ, ಎಷ್ಟು ಫಾಸ್ಟ್!’ ಎರಡನೇ ಅರ್ಧ ಮನೆಗೆ ಬರುತ್ತೆ, ರಾತ್ರಿ ನಿದ್ದೆಗೆಡಿಸುತ್ತೆ.

ಮನಸ್ಸು ಕೆಲಸದಿಂದ ಕೆಲಸಕ್ಕೆ ಸ್ವಿಚ್ ಒತ್ತಿದ ಹಾಗೆ ಬದಲಾಗಲ್ಲ ಅನ್ನೋದಕ್ಕೆ ಸೋಫಿ ಲೆರಾಯ್ 2009ರಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ‘ಗಮನದ ಶೇಷ’ ಅನ್ನಬಹುದು. ಅರ್ಧಕ್ಕೆ ಬಿಟ್ಟು ಬಂದ ಕೆಲಸ ತಲೆಯ ಒಂದು ಮೂಲೆಯಲ್ಲಿ ಓಡುತ್ತಲೇ ಇರುತ್ತೆ, ಹೊಸ ಕೆಲಸಕ್ಕೆ ಸಿಗೋದು ಉಳಿದ ಮೂಲೆಗಳು. ಏಳು ಟಿಕೆಟ್ ಅರ್ಧಂಬರ್ಧ ಇದ್ದರೆ ಎಷ್ಟು ಮೂಲೆ ಉಳಿದೀತು?

‘ಅಯ್ಯೋ, ನಮ್ಮವರು ಅಷ್ಟಾವಧಾನ ಮಾಡೋರು, ಏಳು ಟಿಕೆಟ್ ಯಾವ ಲೆಕ್ಕ’ ಅಂತ ತಮಾಷೆ ಮಾಡೋರಿದ್ದಾರೆ. ಅವಧಾನ ನೋಡಿದವರಿಗೆ ಗೊತ್ತು, ಅಲ್ಲಿ ಕಟ್ಟುನಿಟ್ಟಾದ ಸರದಿ ಇದೆ. ಪ್ರಶ್ನೆ ಕೇಳುವ ಪೃಚ್ಛಕರು ತಮ್ಮ ಪಾಳಿ ಬರೋವರೆಗೆ ಕಾಯ್ತಾರೆ. ಬೇಕಾದಾಗ ಬಾಯಿ ಹಾಕಿ ಏಕಾಗ್ರತೆ ಕೆಡಿಸೋ ಹಕ್ಕು ‘ಅಪ್ರಸ್ತುತ ಪ್ರಸಂಗ’ದ ಒಬ್ಬರಿಗೆ ಮಾತ್ರ. ವರ್ಷಗಟ್ಟಲೆ ಸಾಧನೆ ಮಾಡಿದವರು ಕೆಲವೇ ಗಂಟೆ ಅದನ್ನು ನಡೆಸಿಕೊಡ್ತಾರೆ, ಜನ ಎದ್ದು ಚಪ್ಪಾಳೆ ಹೊಡೀತಾರೆ. ನಮ್ಮ ಆಫೀಸುಗಳಲ್ಲಿ ಎಲ್ಲರೂ ಅಪ್ರಸ್ತುತ ಪ್ರಸಂಗದವರೇ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ಐದು ದಿನ, ಚಪ್ಪಾಳೆ ಇಲ್ಲ.

ಇದು ಒಬ್ಬರ ಅಭ್ಯಾಸ ಅಲ್ಲ, ತಂಡದ್ದು

ಉಪದೇಶದ ಪುಸ್ತಕಗಳು ಹೇಳೋದು: ನೋಟಿಫಿಕೇಷನ್ ಆಫ್ ಮಾಡಿ, ಬೆಳಗ್ಗೆ ಕಷ್ಟದ ಕೆಲಸ ಮೊದಲು ಮಾಡಿ. ಒಳ್ಳೆಯದೇ. ಆದರೆ ಟೀಮ್‌ನಲ್ಲಿ ಒಬ್ಬಳೇ ನೋಟಿಫಿಕೇಷನ್ ಆಫ್ ಮಾಡಿದರೆ ಏನಾಗುತ್ತೆ? ಮಧ್ಯಾಹ್ನದೊಳಗೆ ‘ಅವಳು ರೆಸ್ಪಾನ್ಸಿವ್ ಅಲ್ಲ’ ಅನ್ನೋ ಮಾತು ಹುಟ್ಟುತ್ತೆ.

ತಂಡದ ಒಳಗೆ ಈ ಸರಪಳಿ ಹೀಗೆ ಬಿಗಿಯುತ್ತೆ. ನಾನು ಬರೆದ ಕೋಡ್‌ಗೆ ನಿಮ್ಮ ರಿವ್ಯೂ ಬೇಕು. ನೀವು ನಾಲ್ಕು ಕೆಲಸದ ನಡುವೆ ಇದ್ದೀರಿ, ನಾಳೆ ನೋಡ್ತೀನಿ ಅಂತೀರಿ. ಕಾಯ್ತಾ ಸುಮ್ಮನೆ ಕೂತರೆ ಚೆನ್ನಾಗಿರಲ್ಲ ಅಂತ ನಾನು ಇನ್ನೊಂದು ಟಿಕೆಟ್ ಶುರು ಮಾಡ್ತೀನಿ. ನೀವು ನಾಳೆ ರಿವ್ಯೂ ಮಾಡಿ ಬದಲಾವಣೆ ಕೇಳ್ತೀರಿ. ಆಗ ನಾನು ಹೊಸದರಲ್ಲಿ ಮುಳುಗಿದ್ದೀನಿ, ನಾಡಿದ್ದು ಮಾಡ್ತೀನಿ ಅಂತೀನಿ. ಈಗ ನೀವು ಕಾಯಬೇಕು, ನೀವೂ ಹೊಸದೊಂದು ಎತ್ತಿಕೊಳ್ತೀರಿ. ಇಬ್ಬರೂ ಒಳ್ಳೆ ನೌಕರರು, ಇಬ್ಬರೂ ಒಂದು ಕ್ಷಣ ಖಾಲಿ ಕೂತಿಲ್ಲ. ಆದರೆ ಶುರುವಾದ ಕೆಲಸಗಳ ರಾಶಿ ಬೆಳೀತಾ ಹೋಯ್ತು, ಮುಗಿದದ್ದು ಸೊನ್ನೆ.

ಇದಕ್ಕೊಂದು ಗಣಿತ ಇದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ಸರಳವಾಗಿ ಹೇಳಬೇಕಂದರೆ, ಕೈಲಿರುವ ಕೆಲಸದ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ ಒಂದು ಕೆಲಸ ಸರಾಸರಿ ಎಷ್ಟು ವಾರ ತಗೊಳ್ಳುತ್ತೆ ಅಂತ ಸಿಗುತ್ತೆ. ವಾರಕ್ಕೆ ಐದು ಮುಗಿಸುವ ತಂಡದ ಕೈಲಿ ಹತ್ತು ಕೆಲಸ ಇದ್ದರೆ ಎರಡು ವಾರ. ಮೂವತ್ತು ಇದ್ದರೆ ಆರು ವಾರ. ಅದೇ ಜನ, ಅದೇ ವೇಗ.

ಇಂಜಿನಿಯರಿಂಗ್ ಓದಿದವರಿಗೆ ಇದರ ಇನ್ನೊಂದು ರೂಪ ನೆನಪಿರಬೇಕು. ಆಪರೇಟಿಂಗ್ ಸಿಸ್ಟಮ್ಸ್ ಪೇಪರಿನಲ್ಲಿ ‘ಥ್ರ್ಯಾಶಿಂಗ್’ ಅಂತ ಒಂದು ಪಾಠ ಇದೆ. 1968ರಲ್ಲಿ ಪೀಟರ್ ಡೆನ್ನಿಂಗ್ ವಿವರಿಸಿದ್ದು. ಕಂಪ್ಯೂಟರ್‌ನ ಮೆಮೊರಿಗೆ ಮೀರಿದಷ್ಟು ಪ್ರೋಗ್ರಾಂ ಒಟ್ಟಿಗೆ ಓಡಿಸಿದರೆ ಅದು ಒಂದರ ಪುಟ ಹೊರಗೆ ಹಾಕೋದು, ಇನ್ನೊಂದರ ಪುಟ ಒಳಗೆ ತರೋದು, ಇದರಲ್ಲೇ ಕಾಲ ಕಳೆಯುತ್ತೆ. ಪ್ರೊಸೆಸರ್ ಬಹುಪಾಲು ಕಾಯ್ತಾ ಕೂರುತ್ತೆ. ಆಗ ಪೆದ್ದು ವ್ಯವಸ್ಥೆ ‘ಪ್ರೊಸೆಸರ್ ಖಾಲಿ ಇದೆಯಲ್ಲಾ’ ಅಂತ ಇನ್ನೂ ನಾಲ್ಕು ಪ್ರೋಗ್ರಾಂ ಒಳಗೆ ಬಿಡುತ್ತೆ, ಎಲ್ಲವೂ ಇನ್ನಷ್ಟು ನಿಧಾನ ಆಗುತ್ತೆ. ಪರಿಹಾರ ಏನು ಅಂತ ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಬರೀತೀವಿ: ಒಟ್ಟಿಗೆ ಓಡುವ ಪ್ರೋಗ್ರಾಂಗಳ ಸಂಖ್ಯೆ ಕಡಿಮೆ ಮಾಡಬೇಕು. ‘ಕಂಪ್ಯೂಟರನ್ನು ದಿನಕ್ಕೆ ಇನ್ನೂ ಎರಡು ಗಂಟೆ ಹೆಚ್ಚು ಓಡಿಸಬೇಕು’ ಅಂತ ಬರೆದರೆ ಸೊನ್ನೆ ಮಾರ್ಕ್ಸ್. ಅದೇ ಉತ್ತರವನ್ನು ಮನುಷ್ಯರ ವಿಷಯದಲ್ಲಿ ಬರೆದಾಗ ಅದು ಸರ್ಕಾರದ ತಿದ್ದುಪಡಿ ಪ್ರಸ್ತಾವ ಆಗುತ್ತೆ.

ಹೈದರಾಬಾದಿನ ಆ ಸಣ್ಣ ತಂಡ

ಇದು ಬರೀ ಸಿದ್ಧಾಂತ ಅಂತ ಅನಿಸಿದರೆ ಒಂದು ದಾಖಲಾದ ಉದಾಹರಣೆ ನೋಡೋಣ, ಅದೂ ನಮ್ಮ ಪಕ್ಕದ ರಾಜ್ಯದ್ದು. 2004ರ ಸುಮಾರಿಗೆ ಮೈಕ್ರೋಸಾಫ್ಟ್‌ನ ಒಳ ಬಳಕೆಯ ಸಾಫ್ಟ್‌ವೇರ್‌ಗಳನ್ನು ನೋಡಿಕೊಳ್ಳುವ ಒಂದು ಸಣ್ಣ ತಂಡ ಹೈದರಾಬಾದಿನಿಂದ ಕೆಲಸ ಮಾಡ್ತಿತ್ತು. ಬೆರಳೆಣಿಕೆಯ ಡೆವಲಪರ್‌ಗಳು, ಟೆಸ್ಟರ್‌ಗಳು. ಒಂದು ಬದಲಾವಣೆ ಕೇಳಿದರೆ ಅದು ಕೈಸೇರೋಕೆ ಐದು ತಿಂಗಳು ಹಿಡೀತಿತ್ತು. ಇಲಾಖೆಯಲ್ಲೇ ಅತಿ ಕಳಪೆ ತಂಡ ಅನ್ನೋ ಹೆಸರು ಅದಕ್ಕಿತ್ತು.

ಒಳಗೆ ನೋಡಿದಾಗ ಕಂಡಿದ್ದೇ ಬೇರೆ. ಪ್ರತಿ ಹೊಸ ಬೇಡಿಕೆಗೂ 48 ಗಂಟೆಯೊಳಗೆ ‘ಇದಕ್ಕೆ ಎಷ್ಟು ದಿನ ಬೇಕು’ ಅನ್ನೋ ಅಂದಾಜು ಕೊಡಬೇಕು ಅನ್ನೋ ನಿಯಮ ಇತ್ತು. ಒಂದೊಂದು ಅಂದಾಜಿಗೂ ಒಬ್ಬ ಡೆವಲಪರ್, ಒಬ್ಬ ಟೆಸ್ಟರ್ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಒಂದು ದಿನದಷ್ಟು ಕೂರಬೇಕು. ತಂಡದ ಶಕ್ತಿಯ ಮೂರನೇ ಒಂದು ಪಾಲಿನಷ್ಟು ಇದಕ್ಕೇ ಖರ್ಚಾಗ್ತಿತ್ತು. ಅಂದಾಜು ಹಾಕಿದ ಬೇಡಿಕೆಗಳಲ್ಲಿ ಬಹಳಷ್ಟು ಕೊನೆಗೆ ಕಾರ್ಯಗತ ಆಗ್ತಲೂ ಇರಲಿಲ್ಲ. ನಾಳಿನ ಕೆಲಸದ ಲೆಕ್ಕ ಹಾಕೋಕೆ ಇವತ್ತಿನ ಕೆಲಸ ಮುಂದಕ್ಕೆ ಹೋಗ್ತಿತ್ತು.

ಆ ತಂಡದ ಹೊಸ ಮ್ಯಾನೇಜರ್, ಡೇವಿಡ್ ಆಂಡರ್ಸನ್ ಅವರ ಸಲಹೆಯಂತೆ ಮಾಡಿದ್ದು ಮುಖ್ಯವಾಗಿ ಎರಡು ಕೆಲಸ. ಅಂದಾಜು ಕೊಡೋ ನಿಯಮ ಕಿತ್ತುಹಾಕಿದರು. ತಂಡದ ಕೈಗೆ ಒಂದು ಹೊತ್ತಿಗೆ ಇಷ್ಟೇ ಬೇಡಿಕೆ ಅಂತ ಮಿತಿ ಹಾಕಿದರು, ಒಂದು ಮುಗಿದು ಜಾಗ ಖಾಲಿಯಾದರೆ ಮಾತ್ರ ಇನ್ನೊಂದು ಒಳಗೆ. ಯಾವುದು ಮೊದಲು ಅಂತ ಬೇಡಿಕೆ ಇಟ್ಟವರೇ ಕೂತು ತೀರ್ಮಾನ ಮಾಡಬೇಕಾಯ್ತು. ಒಂದು ವರ್ಷದೊಳಗೆ ಐದು ತಿಂಗಳ ಕಾಯುವಿಕೆ ಸುಮಾರು ಎರಡು ವಾರಕ್ಕೆ ಇಳಿಯಿತು. ಯಾರನ್ನೂ ರಾತ್ರಿ ಕೂರಿಸಲಿಲ್ಲ, ಯಾರಿಗೂ ಟೈಮ್ ಮ್ಯಾನೇಜ್‌ಮೆಂಟ್ ಪಾಠ ಮಾಡಲಿಲ್ಲ. ಆಂಡರ್ಸನ್ ಮುಂದೆ ‘ಕಾನ್‌ಬಾನ್’ ಅಂತ ಬರೆದ ಪುಸ್ತಕದಲ್ಲಿ ಈ ಕಥೆ ಇದೆ. ಇವತ್ತು ಬೆಂಗಳೂರಿನ ಎಷ್ಟೋ ತಂಡಗಳ ಜಿರಾದಲ್ಲಿ ಕಾನ್‌ಬಾನ್ ಬೋರ್ಡ್ ಇದೆ. ಅದರ ಬಣ್ಣದ ಕಾಲಂಗಳನ್ನು ಎರವಲು ತಂದೆವು, ಮಿತಿಯನ್ನು ಅಲ್ಲೇ ಬಿಟ್ಟುಬಂದೆವು.

ಮಿತಿ ಯಾಕೆ ಬರಲಿಲ್ಲ?

ಮಿತಿ ಹಾಕೋದು ಅಂದರೆ ಕ್ಲೈಂಟ್‌ಗೆ ‘ಸ್ವಲ್ಪ ಕಾಯಿರಿ’ ಅನ್ನೋದು. ಅದನ್ನು ಹೇಳೋ ಅಧಿಕಾರ ಕೆಳಗಿನವರಿಗಿಲ್ಲ, ಹೇಳೋ ಧೈರ್ಯ ಮೇಲಿನವರಿಗಿಲ್ಲ. ಸೇವಾ ಕಂಪನಿಗಳ ವ್ಯವಹಾರದಲ್ಲಿ ದೊಡ್ಡ ಪಾಲು ಇಷ್ಟು ಜನ, ಇಷ್ಟು ಗಂಟೆ ಅಂತ ಬಿಲ್ ಆಗುತ್ತೆ. ಅಲ್ಲಿ ಎಲ್ಲರೂ ಸದಾ ‘ಬಿಜಿ’ ಕಾಣೋದು ಮುಖ್ಯ. ಒಟ್ಟು ಮೊತ್ತಕ್ಕೆ ಗುತ್ತಿಗೆ ಹಿಡಿದ ಪ್ರಾಜೆಕ್ಟ್‌ಗಳಲ್ಲಿ ತಡ ಆದರೆ ಅದರ ಬೆಲೆ ಕಟ್ಟೋದು ನೌಕರರ ಸಂಬಳವಿಲ್ಲದ ಶನಿವಾರ. ಮಲ್ಟಿಟಾಸ್ಕಿಂಗ್‌ನ ನಷ್ಟ ಕಂಪನಿಯ ಲೆಕ್ಕಪುಸ್ತಕದಲ್ಲಿ ಎಲ್ಲೂ ನಮೂದಾಗಲ್ಲ.

ಈ ಜಗಳ ಹೊಸದೂ ಅಲ್ಲ. 1928ರಲ್ಲಿ ಮುಂಬೈನ ಬಟ್ಟೆ ಗಿರಣಿಗಳಲ್ಲಿ ಮಾಲೀಕರು ‘ದಕ್ಷತೆ’ಯ ಹೆಸರಿನಲ್ಲಿ ಎರಡು ಮಗ್ಗ ನೋಡಿಕೊಳ್ತಿದ್ದ ನೇಕಾರರಿಗೆ ಮೂರು ಮಗ್ಗ ಕೊಡೋಕೆ ಹೊರಟರು. ಆ ವರ್ಷದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಡೆದ ದೊಡ್ಡ ಮುಷ್ಕರದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ದಿನಕ್ಕೆ ಎಷ್ಟು ಗಂಟೆ ಅನ್ನೋದರ ಜೊತೆಗೆ ಒಬ್ಬರ ಕೈಗೆ ಎಷ್ಟು ಮಗ್ಗ ಅನ್ನೋದೂ ಕಾರ್ಮಿಕರ ಪ್ರಶ್ನೆ ಅಂತ ಅವರಿಗೆ ಗೊತ್ತಿತ್ತು. ಸುಮಾರು ನೂರು ವರ್ಷದ ಮೇಲೆ, ಗಾಜಿನ ಕಟ್ಟಡದಲ್ಲಿ ಕೂತ ನಾವು ‘ಎಷ್ಟು ಪ್ರಾಜೆಕ್ಟ್’ ಅಂತ ಕೇಳೋದನ್ನು ಮರೆತಿದ್ದೇವೆ. ರೆಸ್ಯೂಮೆಯಲ್ಲಿ ‘ಮಲ್ಟಿಟಾಸ್ಕಿಂಗ್ ಬರುತ್ತೆ’ ಅಂತ ನಾವೇ ಹೆಮ್ಮೆಯಿಂದ ಬರೆದುಕೊಳ್ತೀವಿ.

ಕಾನೂನಿಗೂ ಈ ಪ್ರಶ್ನೆ ಕಾಣಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಅಂದಿತು, ಕೆಲಸದ ಸಾಂದ್ರತೆ ಬಗ್ಗೆ ಏನೂ ಹೇಳಲಿಲ್ಲ. ಸೇವಾ ಷರತ್ತುಗಳನ್ನು ಬರೆದಿಡಬೇಕು ಅನ್ನೋ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ಐಟಿ ಉದ್ಯಮಕ್ಕೆ ವರ್ಷಗಳಿಂದ ವಿನಾಯಿತಿ ಕೊಡುತ್ತಾ ಬಂತು. 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. 2025ರ ನವೆಂಬರ್ 21ರಂದು ಕೇಂದ್ರ ಜಾರಿಗೆ ತಂದ ಕಾರ್ಮಿಕ ಸಂಹಿತೆಗಳೂ ಗಂಟೆ, ಓವರ್‌ಟೈಮ್ ಭಾಷೆಯಲ್ಲೇ ಮಾತಾಡ್ತವೆ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಇರುವ ‘ಸಂಪರ್ಕ ಕಡಿದುಕೊಳ್ಳುವ ಹಕ್ಕು’ ಸಂಜೆಯನ್ನು ಉಳಿಸಿಕೊಡುತ್ತೆ. ಬೆಳಗ್ಗೆ ಹತ್ತರಿಂದ ಏಳರ ನಡುವಿನ ಚೂರುಚೂರು ದಿನದ ಬಗ್ಗೆ ಅದೂ ಹೆಚ್ಚು ಮಾತಾಡಲ್ಲ.

ಹಾಗಾದರೆ ಏನು ಕೇಳೋಣ?

ಎಲ್ಲ ಅಡ್ಡಿಯೂ ಕೆಟ್ಟದ್ದಲ್ಲ. ರಾತ್ರಿ ಆಸ್ಪತ್ರೆಯ ಸರ್ವರ್ ಬಿದ್ದರೆ ಯಾರಾದರೂ ಎದ್ದು ನೋಡಲೇಬೇಕು. ಮೊನ್ನೆ ಸೇರಿದ ಹುಡುಗ ಒಂದು ಅನುಮಾನ ಕೇಳಿದರೆ ‘ನಾಳೆ ಬಾ’ ಅನ್ನೋ ತಂಡ ಒಳ್ಳೆ ತಂಡ ಅಲ್ಲ. ಫೋನ್ ಹಿಡಿದು ರೀಲ್ಸ್ ನೋಡ್ತಾ ಹೊತ್ತು ಕಳೆಯೋರೂ ಇದ್ದಾರೆ, ಇಲ್ಲ ಅನ್ನೋಕಾಗಲ್ಲ. ಆದರೆ ಇಡೀ ತಂಡವೇ ಸದಾ ತಡ ಮಾಡ್ತಿದ್ದರೆ, ಅಲ್ಲಿ ಹತ್ತು ಸೋಮಾರಿಗಳು ಆಕಸ್ಮಿಕವಾಗಿ ಒಂದೇ ಕಡೆ ಸೇರಿದ್ದಾರೆ ಅಂತ ನಂಬೋದು ಕಷ್ಟ.

ಹಾಗಾಗಿ ಕೇಳಬೇಕಾದ್ದು ಸ್ಪಷ್ಟ ಇರಲಿ. ಒಂದು, ಒಬ್ಬ ನೌಕರರನ್ನು ಒಂದು ಹೊತ್ತಿಗೆ ಎಷ್ಟು ಪ್ರಾಜೆಕ್ಟ್‌ಗೆ ಹಾಕಬಹುದು ಅನ್ನೋ ಮಿತಿ ಕಂಪನಿ ನೀತಿಯಲ್ಲಿ ಲಿಖಿತವಾಗಿ ಇರಬೇಕು. ಎರಡು, ಎರಡು ಕೆಲಸ ಒಟ್ಟಿಗೆ ಬಂದಾಗ ಯಾವುದು ಮೊದಲು ಅಂತ ಬರೆದು ಹೇಳೋ ಜವಾಬ್ದಾರಿ ಮ್ಯಾನೇಜರ್‌ದು. ಮೂರು, ತುರ್ತು ಕರೆಗಳಿಗೆ ಸರದಿ ಇರಬೇಕು, ಆ ಸರದಿಗೆ ಭತ್ಯೆ ಇರಬೇಕು. ಆಗ ಉಳಿದವರ ದಿನ ಇಡಿಯಾಗಿ ಉಳಿಯುತ್ತೆ. ನಾಲ್ಕು, ಅಪ್ರೈಸಲ್‌ನಲ್ಲಿ ‘ತಡ’ ಅಂತ ಬರೆಯುವವರು ಆ ಅವಧಿಯಲ್ಲಿ ಆ ನೌಕರರ ಮೇಲೆ ಎಷ್ಟು ಕೆಲಸ ಇತ್ತು ಅನ್ನೋದನ್ನೂ ಪಕ್ಕದಲ್ಲೇ ಬರೆಯಬೇಕು. ಪಿಐಪಿ ಕೊಡುವ ಮುಂಚೆ ಈ ಲೆಕ್ಕ ಕಡ್ಡಾಯ ಆಗಬೇಕು. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂತ ಹಿಡಿದು ಹೇಳ್ತೀನಿ. ಯಾಕಂದರೆ ಕೆಲಸ ಹೋಗೋದು ಆ ಒಂದು ಕಾಗದದಿಂದ.

ನೀವು ಈಗಷ್ಟೇ ಕೆಲಸಕ್ಕೆ ಸೇರಿದವರಾದರೆ ಸಂಘ, ಕಾನೂನು ಎಲ್ಲ ಬರೋವರೆಗೆ ಕಾಯಬೇಕಿಲ್ಲ. ಹೊಸ ಕೆಲಸ ಬಂದಾಗ ‘ಆಗಲ್ಲ’ ಅನ್ನೋದು ಕಷ್ಟ. ಅದರ ಬದಲು ‘ಮಾಡ್ತೀನಿ ಸರ್, ಕೈಲಿರೋದರಲ್ಲಿ ಯಾವುದನ್ನು ಕೆಳಗಿಡಲಿ?’ ಅಂತ ಮೇಲ್‌ನಲ್ಲಿ ಕೇಳಿ, ಉತ್ತರ ಜೋಪಾನವಾಗಿಟ್ಟುಕೊಳ್ಳಿ. ಉತ್ತರ ಬರದಿದ್ದರೆ ಆ ಮೇಲ್ ಅನ್ನೂ ಇಟ್ಟುಕೊಳ್ಳಿ. ನಿಮ್ಮ ಟೀಮ್‌ನ ನಾಲ್ಕು ಜನ ಇದನ್ನೇ ಕೇಳೋಕೆ ಶುರು ಮಾಡಿದರೆ ಅದು ಆಗಲೇ ಸಾಮೂಹಿಕ ಬೇಡಿಕೆ.

ಗಂಟೆ ಹೆಚ್ಚಿಸುವ ಪ್ರಸ್ತಾವ ಮತ್ತೆ ಬರುತ್ತೆ, ಎರಡು ವರ್ಷದಲ್ಲಿ ಎರಡು ಸಲ ಬಂದಿದೆ. ಆಗ ಉದ್ಯಮದವರು ವಿಧಾನಸೌಧಕ್ಕೆ ಹೋಗಿ ಉತ್ಪಾದಕತೆ ಸಾಲದು ಅಂತ ಹೇಳ್ತಾರೆ. ಕಾರ್ಮಿಕ ಇಲಾಖೆ ಅವರಿಂದ ಒಂದೇ ಒಂದು ಅಂಕಿಅಂಶ ಕೇಳಲಿ: ನಿಮ್ಮಲ್ಲಿ ಒಬ್ಬೊಬ್ಬ ನೌಕರರ ಕೈಲಿ ಇವತ್ತು ಶುರುವಾಗಿ ಮುಗಿಯದೇ ಇರುವ ಕೆಲಸ ಎಷ್ಟು? ಜಿರಾದಲ್ಲಿ ಆ ಲೆಕ್ಕ ತೆಗೆಯೋಕೆ ಐದು ನಿಮಿಷ ಸಾಕು. ಅದನ್ನು ತೋರಿಸದವರಿಗೆ ಇನ್ನೊಂದು ಗಂಟೆ ಕೇಳುವ ಹಕ್ಕಿಲ್ಲ.